ಹ್ಯಾಂಡಲ್ ಹೊಡೆಯುವ ಕಾಲದ ಹೆಬ್ಬೆರಳು

ಈಗ ಬಟನ್ ಒತ್ತಿದರೆ ಸಾಕು, ಕಾರು ಸ್ಟಾರ್ಟು. ನೂರು ವರ್ಷದ ಹಿಂದೆ ಇದೇ ಕೆಲಸಕ್ಕೆ ಮಣಿಕಟ್ಟನ್ನೇ ಪಣಕ್ಕಿಡಬೇಕಿತ್ತು!

ಕಾರಿನ ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕು. ಗೇರಿನಲ್ಲಿದ್ದರೆ ಕಾರು ಮೈಮೇಲೇ ಬರುತ್ತಿತ್ತು. ಕಿಡಿ ಬೇಗ ಹತ್ತಿತೋ, ಪಿಸ್ಟನ್ ಮೇಲೆ ತಲುಪುವ ಮೊದಲೇ ಪೆಟ್ರೋಲ್ ಉರಿದು ಇಂಜಿನ್ ಉಲ್ಟಾ ಒದೆಯುತ್ತಿತ್ತು. ಹಿಡಿಕೆಗೆ ಹೆಬ್ಬೆರಳು ಸುತ್ತಿದವನ ಕೈ ಮುರಿದಂತೆಯೇ. ಅದಕ್ಕೇ ಐದೂ ಬೆರಳು ಒಂದೇ ಕಡೆ ಇರಬೇಕು, ಹ್ಯಾಂಡಲ್ ಮೇಲಕ್ಕೆ ಎಳೆಯಬೇಕು, ಕೆಳಕ್ಕೆ ಒತ್ತಬಾರದು ಅಂತ ಪಾಠ.

ಈ ಕಾಟ ತಪ್ಪಿಸಿದವರು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಮೊದಲು ಅಂಗಡಿಯ ಕ್ಯಾಶ್ ರಿಜಿಸ್ಟರಿಗೆ ವಿದ್ಯುತ್ ಮೋಟಾರ್ ಜೋಡಿಸಿದ್ದ ಮನುಷ್ಯ. ಚಿಕ್ಕ ಮೋಟಾರೂ ಕೆಲವೇ ಕ್ಷಣ ಭಾರೀ ಹೊರೆ ತಡೆಯಬಲ್ಲದು, ಅದೇ ಗುಟ್ಟು. 1912ರ ಮಾದರಿಯ ಕ್ಯಾಡಿಲಾಕ್ ಕಾರುಗಳಿಗೆ ಸೆಲ್ಫ್ ಸ್ಟಾರ್ಟರ್ ಬಂತು. ಫೋರ್ಡಿನ ಮಾಡೆಲ್ ಟಿ 1919ರವರೆಗೆ ಕಾಯಬೇಕಾಯಿತು.

ನಮ್ಮ ಮುಂಬಯಿಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳಲ್ಲಿ ಕೀ ಇತ್ತು, ಜೊತೆಗೆ ಚೋಕ್. ಗಾಳಿ ಕಮ್ಮಿ, ಪೆಟ್ರೋಲ್ ಜಾಸ್ತಿ. ಇಂಜಿನ್ ಬಿಸಿಯಾದ ಮೇಲೂ ಹಾಗೇ ಬಿಟ್ಟರೆ ಪೆಟ್ರೋಲ್ ಸಿಲಿಂಡರಿನ ಆಯಿಲ್ ತೊಳೆದುಹಾಕುತ್ತೆ. ಹೊಸ ಗಾಡಿಯ ಹಿಂದಿನ ಗಾಜಿಗೆ 'ರನ್ನಿಂಗ್ ಇನ್' ಚೀಟಿ ಅಂಟಿಸುತ್ತಿದ್ದದ್ದು ನೆನಪಿದೆಯಾ? ಪಿಸ್ಟನ್ ರಿಂಗು, ಸಿಲಿಂಡರು ಒಂದಕ್ಕೊಂದು ಹೊಂದಿಕೊಳ್ಳುವವರೆಗೆ ದಯವಿಟ್ಟು ಹಾರ್ನ್ ಹೊಡೆಯಬೇಡಿ ಅನ್ನೋ ಬಿನ್ನಹ ಅದು!

2023ರ ಅಕ್ಟೋಬರಿನಲ್ಲಿ ಪದ್ಮಿನಿ ಟ್ಯಾಕ್ಸಿಗಳೂ ರಸ್ತೆ ಬಿಟ್ಟವು. ಆದರೆ ಪಾಠ ಹಳತಾಗಿಲ್ಲ ನೋಡಿ. ಸ್ಟಾರ್ಟ್ ಮಾಡುವ ಮುಂಚೆ ಗೇರು ನ್ಯೂಟ್ರಲ್ಲಿನಲ್ಲಿದೆಯಾ ನೋಡಿ, ಬ್ರೇಕ್ ಒತ್ತಿ, ತಣ್ಣಗಿನ ಇಂಜಿನ್ನನ್ನು ಗುರ್ರೆನಿಸಬೇಡಿ. ಮುಚ್ಚಿದ ಗ್ಯಾರೇಜಿನಲ್ಲಂತೂ ಇಂಜಿನ್ ಓಡಿಸಲೇಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ. ಒದೆಯುವ ಹ್ಯಾಂಡಲ್ಲಾದರೂ ಮೊದಲೇ ಹೆದರಿಸುತ್ತಿತ್ತು. ಬಟನ್ನು ಹೆದರಿಸುವುದಿಲ್ಲ.