ಬಸಿರು

ಬಸಿರು: ಹೊಟ್ಟೆ, ಗರ್ಭಕೋಶ, ಗರ್ಭ ಧರಿಸಿದ ಸ್ಥಿತಿ, ಒಡಲೊಳಗಿನ ಇನ್ನೂ ಹುಟ್ಟದ ಕೂಸು ಎಂಬ ನಾಲ್ಕು ಅರ್ಥಗಳನ್ನು ಹೊತ್ತ ಅಚ್ಚಗನ್ನಡ ನಾಮಪದ. ಹಳಗನ್ನಡ ರೂಪ ಬಸಿಱ್. ಬಸುರು, ಬಸರು ಎಂಬವು ಆಡುನುಡಿಯ ರೂಪಗಳು. ಗರ್ಭಿಣಿಯನ್ನು ಬಸುರಿ ಎನ್ನುತ್ತಾರೆ. ಉತ್ತರ ಕರ್ನಾಟಕದ ಮಾತಿನಲ್ಲಿ ಬಸರಿ.

ಅರ್ಥವ್ಯಾಪ್ತಿ

ಹೊಟ್ಟೆ ಎಂಬುದೇ ಮೂಲಾರ್ಥ. ಉಳಿದವು ಅದರಿಂದ ಕವಲೊಡೆದವು. ಹೊಸಗನ್ನಡದಲ್ಲಿ ಮೂಲಾರ್ಥವನ್ನು 'ಹೊಟ್ಟೆ' ಎಂಬ ಪದವೇ ವಹಿಸಿಕೊಂಡಿದೆ. ಹೀಗಾಗಿ ಬಸಿರು ಇಂದು ಹೆಚ್ಚಾಗಿ ಗರ್ಭ ಧರಿಸಿದ ಸ್ಥಿತಿಯನ್ನೇ ಸೂಚಿಸುತ್ತದೆ: ಬಸಿರಾಗು, ಚೊಚ್ಚಲ ಬಸಿರು, ಬಸಿರು-ಬಾಣಂತನ. ಆದರೆ ಹೊಟ್ಟೆಗೂ ಗರ್ಭಕ್ಕೂ ಇರುವ ನಂಟು ಕಡಿದುಹೋಗಿಲ್ಲ. ಬಸುರಿಯನ್ನು ಕುರಿತು 'ಹೊಟ್ಟಿಲೆ ಅದಾಳ' ಎನ್ನುವ ರೂಢಿ ಉತ್ತರ ಕರ್ನಾಟಕದಲ್ಲಿದೆ. ತುಳುವಿನ 'ಬಂಜಿ'ಗೂ ಹೊಟ್ಟೆ, ಬಸಿರು ಎರಡೂ ಅರ್ಥಗಳುಂಟು. ಹೊಟ್ಟೆ ಎಂಬರ್ಥದ ಹಳಗನ್ನಡ 'ಪೊಡೆ' ಇಂದು ರೈತರ ಬಾಯಲ್ಲಿ 'ಹೊಡೆ'ಯಾಗಿ, ಎಲೆಯ ಒರೆಯಿಂದ ಇನ್ನೂ ಹೊರಬಾರದ ತೆನೆಗೆ ಹೆಸರಾಗಿದೆ.

ವ್ಯುತ್ಪತ್ತಿ

ಬಸಿರಿನ ಅತಿ ಸ್ಪಷ್ಟ ಜ್ಞಾತಿಪದ ತಮಿಳಿನ 'ವಯಿಱು'. ಮೇಲ್ನೋಟಕ್ಕೆ ದೂರವೆನಿಸುವ ಈ ಎರಡು ರೂಪಗಳನ್ನು ಮೂರು ಧ್ವನಿ ಹೊಂದಿಕೆಗಳು ಬೆಸೆಯುತ್ತವೆ.

ಮೊದಲನೆಯದು ಪದಾದಿಯ ವಕಾರ. ತಮಿಳಿನಲ್ಲಿ ಅದು ಉಳಿದಿರುವ ಕಡೆ ಕನ್ನಡದಲ್ಲಿ ಬಕಾರ ಬರುತ್ತದೆ: ವಾಯ್–ಬಾಯಿ, ವೇರ್–ಬೇರು, ವಿಲ್–ಬಿಲ್ಲು.

ಎರಡನೆಯದು ಪದಮಧ್ಯದ ಯಕಾರ-ಸಕಾರ: ಉಯಿರ್–ಉಸಿರು, ಪೆಯರ್–ಹೆಸರು (ಹಳಗನ್ನಡ ಪೆಸರ್), ವಯಿಱು–ಬಸಿರು. ಇಲ್ಲಿ ತಮಿಳಿನ ಯಕಾರವೇ ಹಳೆಯದೆಂದು ಭಾವಿಸುವಂತಿಲ್ಲ. ಮೂಲದ್ರಾವಿಡದಲ್ಲಿ ಚಕಾರವಿದ್ದು, ಅದು ತಮಿಳಿನಲ್ಲಿ ಸಡಿಲಗೊಂಡು ಯಕಾರವಾಯಿತೆಂದೂ ಕನ್ನಡದ ಸಕಾರ ಮೂಲಕ್ಕೆ ಹತ್ತಿರವೆಂದೂ ಸಾಮಾನ್ಯ ಅಭಿಪ್ರಾಯ.

ಮೂರನೆಯದು ಶಕಟರೇಫ. ಉಸಿರ್, ಪೆಸರ್ ಪದಗಳ ಕೊನೆಗೆ ಸಾಮಾನ್ಯ ರಕಾರವಿದ್ದರೆ ಬಸಿಱ್‌ನ ಕೊನೆಗೆ ಇದ್ದದ್ದು ಱ. ತಮಿಳಿನಲ್ಲಿಯೂ ಅದೇ ಅಕ್ಷರ. ನಡುಗನ್ನಡದಲ್ಲಿ ಱ ರಕಾರದೊಡನೆ ಬೆರೆತುಹೋದುದರಿಂದ ಇಂದಿನ ಬರಹದಲ್ಲಿ ಈ ಭೇದ ಕಾಣದು. ಅದನ್ನು ಮರೆತರೆ ಎಡವುವುದು ಸುಲಭ. ತಮಿಳಿನಲ್ಲಿ 'ಕರು' ಎಂದರೆ ಭ್ರೂಣ; ಕನ್ನಡದಲ್ಲಿ ಹಸುವಿನ ಮರಿ. ಎರಡೂ ಒಂದೇ ಪದವೆಂದು ತೋರುತ್ತದೆ. ಆದರೆ ಕನ್ನಡದ್ದು ಹಿಂದೆ 'ಕಱು'. ಅದರ ನಂಟು ಬಹುಮಟ್ಟಿಗೆ ತಮಿಳಿನ ಕರುವಿಗಲ್ಲ, 'ಕನ್ಱು'ವಿಗೆ.

ಸಂಸ್ಕೃತ ಮೂಲದ ಪದಗಳು

ಗರ್ಭ: ಬಸಿರಿನಂತೆಯೇ ಚೀಲವನ್ನೂ ಅದರೊಳಗಿನ ಜೀವವನ್ನೂ ಒಟ್ಟಿಗೆ ಹೇಳುವ ಪದ. ಗ್ರೀಕಿನ 'ಡೆಲ್ಫುಸ್' (ಗರ್ಭಕೋಶ) ಇದಕ್ಕೆ ಜ್ಞಾತಿಯೆಂದು ಹಲವು ಭಾಷಾಶಾಸ್ತ್ರಜ್ಞರು ಎಣಿಸುತ್ತಾರೆ. ಪ್ರಾಕೃತದ ಹಾದಿಯಲ್ಲಿ ಬಂದ ತದ್ಭವ 'ಗಬ್ಬ' ಕನ್ನಡದಲ್ಲಿ ಕೊಟ್ಟಿಗೆಗೆ ಸೇರಿತು: ಹಸು ಗಬ್ಬವಾಗುತ್ತದೆ, ಹೆಂಗಸು ಬಸಿರಾಗುತ್ತಾಳೆ, ಆಸ್ಪತ್ರೆಯ ಚೀಟಿಯಲ್ಲಿ ಅವಳೇ ಗರ್ಭಿಣಿ.

ಭ್ರೂಣ: ಋಗ್ವೇದದ ಹತ್ತನೆಯ ಮಂಡಲದಲ್ಲಿಯೇ ಕಾಣುವ ಪದ. 'ಭೃ' (ಹೊರು) ಧಾತುವಿನಿಂದ ಬಂದುದೆಂಬುದು ಒಂದು ಮತ. 'ಉಬ್ಬು' ಎಂಬರ್ಥದ ಇಂಡೋ-ಯುರೋಪಿಯನ್ ಮೂಲದ್ದೆಂಬುದು ಇನ್ನೊಂದು. ಎರಡನೆಯದನ್ನು ಒಪ್ಪಿದರೆ, ಗ್ರೀಕಿನಲ್ಲಿ 'ಒಳಗೆ ಉಬ್ಬುವುದು' ಎಂಬರ್ಥದಿಂದ ಹುಟ್ಟಿದ ಇಂಗ್ಲಿಷಿನ 'ಎಂಬ್ರಿಯೊ' ಇದರ ದೂರದ ಬಂಧುವಾಗಬಹುದು. ಇದು ಇನ್ನೂ ಊಹೆಯೇ. ಪಾಣಿನಿಯ ಸೂತ್ರವೊಂದು (3.2.87) 'ಭ್ರೂಣಹನ್' ರೂಪಕ್ಕೆ ಎಡೆ ಮಾಡಿಕೊಡುತ್ತದೆ. ಧರ್ಮಸೂತ್ರಗಳಲ್ಲಿ ಭ್ರೂಣಹತ್ಯೆ ಮಹಾಪಾತಕ. ಆದರೆ ಕೆಲವೆಡೆ ಅಲ್ಲಿನ 'ಭ್ರೂಣ' ಗರ್ಭವಲ್ಲ, ವೇದ ಬಲ್ಲ ಬ್ರಾಹ್ಮಣ. ಆದ್ದರಿಂದ ಆ ವಾಕ್ಯಗಳಲ್ಲಿ ಇಂದಿನ ಅರ್ಥವನ್ನು ನೇರವಾಗಿ ಓದಿಕೊಳ್ಳುವುದು ಸರಿಯಲ್ಲ. ಅಮರಕೋಶ ಗರ್ಭ, ಭ್ರೂಣಗಳನ್ನು ಸಮಾನಾರ್ಥಕವೆಂದು ಹೇಳಿದೆ.

ಕಲಲ, ಪಿಂಡ: ಆಯುರ್ವೇದದಲ್ಲಿ ಇವು ಬೆಳವಣಿಗೆಯ ಹಂತಗಳಿಗೆ ಸಂಬಂಧಿಸಿದ ಹೆಸರುಗಳು. ಸುಶ್ರುತ ಸಂಹಿತೆಯ ಪ್ರಕಾರ ಮೊದಲ ತಿಂಗಳು ಕಲಲ. ಎರಡನೆಯ ತಿಂಗಳಲ್ಲಿ ಅದು ಗಟ್ಟಿಯಾಗುತ್ತದೆ, ಪಿಂಡಾಕಾರವಾಗಿದ್ದರೆ ಗಂಡು.

ಇಂದಿನ ಬಳಕೆ

ಆಧುನಿಕ ವೈದ್ಯಶಾಸ್ತ್ರದಲ್ಲಿ ಫಲೀಕರಣದ ನಂತರದ ಎಂಟನೆಯ ವಾರದ ಕೊನೆಯವರೆಗೆ 'ಎಂಬ್ರಿಯೊ', ಅನಂತರ 'ಫೀಟಸ್'. ಲ್ಯಾಟಿನ್ ಮೂಲದ ಈ ಎರಡನೆಯ ಪದ ಹಾಲೂಡು ಎಂಬರ್ಥದ ಧಾತುವಿನದೆಂದೂ, ಸಂಸ್ಕೃತದ 'ಧೇನು'ವಿಗೆ ಬಂಧುವೆಂದೂ ಹೇಳುವುದುಂಟು. ಕನ್ನಡದ ರೂಢಿಯಲ್ಲಿ ಎರಡೂ ಭ್ರೂಣವೇ. 1994ರ ಪ್ರಸವಪೂರ್ವ ಲಿಂಗಪತ್ತೆ ನಿಷೇಧದ ಕಾಯ್ದೆಯ ಸುತ್ತಲಿನ ಚರ್ಚೆಯಲ್ಲಿ 'ಭ್ರೂಣಲಿಂಗ ಪತ್ತೆ', 'ಹೆಣ್ಣು ಭ್ರೂಣಹತ್ಯೆ' ಎಂಬವು ಪತ್ರಿಕೆಗಳ ಮಾಮೂಲಿ ಮಾತಾದವು.

ಸ್ಥೂಲವಾಗಿ ಹೇಳುವುದಾದರೆ, ಒಡಲಿನಿಂದ ಬೇರ್ಪಡಿಸಿ ಒಳಗಿನದನ್ನಷ್ಟೇ ಹೆಸರಿಸಬೇಕಾದಾಗ ಶಾಸ್ತ್ರ, ವೈದ್ಯ, ಕಾನೂನು ಎರವಲು ಪದಕ್ಕೆ ಕೈಹಾಕಿವೆ. ಮನೆಮಾತು ಇಂದಿಗೂ 'ಹೊಟ್ಟೆಯಲ್ಲಿರುವ ಮಗು' ಎಂದೇ ಹೇಳುತ್ತದೆ.