ಕುದುರೆಯ ನೆರವಿನ ಚಿಕಿತ್ಸೆ: ಪಾಲಕರು ತಿಳಿದಿರಬೇಕಾದ ಸಂಗತಿಗಳು

ಬೆಳವಣಿಗೆಯ ನ್ಯೂನತೆಯುಳ್ಳ ಮಕ್ಕಳನ್ನು ಕುದುರೆಯ ಮೇಲೆ ಕೂರಿಸಿ ನೀಡುವ ಚಿಕಿತ್ಸೆಯನ್ನು 'ಹಿಪ್ಪೊಥೆರಪಿ' ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ 'ಹಿಪ್ಪೋಸ್' ಎಂದರೆ ಕುದುರೆ. ಬೆಂಗಳೂರಿನಲ್ಲೂ ಈ ಬಗೆಯ ಸೇವೆ ಆರಂಭವಾಗಿರುವುದರಿಂದ ಪಾಲಕರಿಗೂ ಸೇವಾಕರ್ತರಿಗೂ ಉಪಯುಕ್ತವಾದ ಕೆಲವು ವಿಷಯಗಳನ್ನು ಇಲ್ಲಿ ನೀಡುತ್ತಿದ್ದೇವೆ.

ಡೆನ್ಮಾರ್ಕ್‌ನ ಲಿಸ್ ಹಾರ್ಟೆಲ್ ಎಂಬ ಮಹಿಳೆ 1944ರಲ್ಲಿ ಪೋಲಿಯೊಗೆ ತುತ್ತಾದರು. ಮೊಣಕಾಲಿನ ಕೆಳಗೆ ಶಕ್ತಿಯಿಲ್ಲದಿದ್ದರೂ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕುದುರೆ ಸವಾರಿಯಲ್ಲಿ ಬೆಳ್ಳಿ ಪದಕ ಗೆದ್ದರು. ಇದರಿಂದ ಸವಾರಿ ಚಿಕಿತ್ಸೆಯತ್ತ ಜನರ ಗಮನ ಹರಿಯಿತು.

ನಡೆಯುವ ಕುದುರೆಯ ಬೆನ್ನು ಮೇಲೆ-ಕೆಳಗೆ, ಹಿಂದೆ-ಮುಂದೆ ಹಾಗೂ ಅಕ್ಕಪಕ್ಕ ಚಲಿಸುತ್ತದೆ. ಮನುಷ್ಯ ನಡೆಯುವಾಗ ಸೊಂಟವೂ ಹೀಗೆಯೇ ಚಲಿಸುತ್ತದೆ. ನಡೆಯಲಾಗದ ಮಗುವಿಗೆ ಕುದುರೆಯ ಮೇಲೆ ಆ ಅನುಭವ ದೊರೆಯುತ್ತದೆ; ಬೀಳದಂತೆ ಕೂರಲು ಬೆನ್ನು, ಹೊಟ್ಟೆಯ ಸ್ನಾಯುಗಳು ದುಡಿಯುತ್ತವೆ. ಆಕ್ಯುಪೇಷನಲ್ ಥೆರಪಿ ತಜ್ಞರು ಇದನ್ನೇ ಬಳಸಿ ಕೈ ಚಾಚುವುದು, ಹಿಡಿಯುವುದು ಮೊದಲಾದ ಅಭ್ಯಾಸ ಮಾಡಿಸುತ್ತಾರೆ. ತಾನಾಗಿಯೇ ಉಣ್ಣುವುದು, ಬಟ್ಟೆ ತೊಡುವುದು ಅಂತಿಮ ಗುರಿ. ಒಬ್ಬರು ಕುದುರೆಯನ್ನು ನಡೆಸಿದರೆ, ಅಗತ್ಯವಿದ್ದಂತೆ ಇಬ್ಬರು ಮಗುವಿನ ಎರಡೂ ಬದಿಯಲ್ಲಿ ನಡೆಯುತ್ತಾರೆ.

ಇದು ಆಟಿಸಂ ಅಥವಾ ಸೆರೆಬ್ರಲ್ ಪಾಲ್ಸಿಯನ್ನು ಗುಣಪಡಿಸುವುದಿಲ್ಲ. ಅಮೆರಿಕದಲ್ಲಿ 6ರಿಂದ 16 ವರ್ಷದ ಆಟಿಸಂ ಮಕ್ಕಳಿಗೆ 10 ವಾರ ಸವಾರಿ ಕಲಿಸಿ ನಡೆಸಿದ, 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಿಡುಕು ಹಾಗೂ ಅತಿಚಟುವಟಿಕೆ ಕಡಿಮೆಯಾದದ್ದು ಕಂಡುಬಂತು. ಪ್ರಯೋಜನ ಇಂಥದ್ದು. 'ಪೂರ್ತಿ ವಾಸಿ ಮಾಡುತ್ತೇವೆ' ಎನ್ನುವವರನ್ನು ನಂಬಿ ಸಾಲ ಮಾಡುವುದು ಬೇಡ.

ಹತೋಟಿಗೆ ಬಾರದ ಮೂರ್ಛೆರೋಗ, ಸೊಂಟದ ಕೀಲು ತಪ್ಪಿರುವುದು, ಬೆನ್ನೆಲುಬಿನ ತೀವ್ರ ಡೊಂಕು ಇದ್ದವರಿಗೆ ಇದು ಅಪಾಯಕಾರಿ. ಡೌನ್ ಸಿಂಡ್ರೋಮ್ ಇರುವ ಮಗುವಿನ ಕುತ್ತಿಗೆಯ ಮೂಳೆಗಳು ಭದ್ರವಾಗಿವೆಯೇ ಎಂದು ವೈದ್ಯರು ಮೊದಲೇ ಪರೀಕ್ಷಿಸಬೇಕು. ಹೆಲ್ಮೆಟ್ ಕಡ್ಡಾಯ.

ಗೌರಿಬಿದನೂರು ತಾಲೂಕಿನ ಅಲೀಪುರದಲ್ಲಿ ಶ್ರವಣದೋಷವುಳ್ಳವರು ಹೆಚ್ಚು. ಅಲ್ಲಿ ಬೆಳೆದುಬಂದ ಸಂಜ್ಞಾ ಭಾಷೆಯ ಕುರಿತು ಸಿಬಾಜಿ ಪಾಂಡಾ ಅವರ ಅಧ್ಯಯನ 2012ರಲ್ಲಿ ಪ್ರಕಟವಾಗಿದೆ. ಇಂತಹ ಊರಿನ ಮಗು ಚಿಕಿತ್ಸೆಗೆ ಬಂದರೆ 'ನಿಲ್ಲಿಸು', 'ಭಯವಾಗುತ್ತಿದೆ', 'ನೋವು' ಎಂಬುದನ್ನು ತಿಳಿಸುವ ಸಂಜ್ಞೆಗಳನ್ನು ಕುದುರೆ ಏರುವ ಮುನ್ನವೇ ಮಗುವೂ ಸಹಾಯಕರೂ ಗೊತ್ತುಮಾಡಿಕೊಳ್ಳಬೇಕು. ಕೇಳುವ ಶಕ್ತಿಯೂ ಸಮತೋಲನದ ಅರಿವೂ ಒಳಕಿವಿಗೆ ಸೇರಿದವು. ಆದ್ದರಿಂದ ಕೆಲವು ಶ್ರವಣದೋಷವುಳ್ಳ ಮಕ್ಕಳಿಗೆ ಸಮತೋಲನದ ತೊಂದರೆಯೂ ಇರಬಹುದು. ಅದನ್ನೂ ಪರೀಕ್ಷಿಸಬೇಕು.

ಕುದುರೆ ಸಿಗಲಿಲ್ಲವೆಂದು ಪಾಲಕರು ಕೊರಗಬೇಕಾಗಿಲ್ಲ. ಮನೆಯಲ್ಲಿ, ಶಾಲೆಯಲ್ಲಿ ನಡೆಯುವ ನಿತ್ಯದ ಅಭ್ಯಾಸವೇ ಮುಖ್ಯ. ಕುದುರೆ ಅದಕ್ಕೆ ಪೂರಕ ಮಾತ್ರ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ 18 ವರ್ಷದವರೆಗಿನ ಮಕ್ಕಳಿಗೆ ಉಚಿತ ತಪಾಸಣೆಯಿದೆ. ಮೊದಲ ಹೆಜ್ಜೆ ಅಲ್ಲಿಂದಲೇ ಆಗಲಿ.