ಲೋಹಗಳ ಆಮ್ಲ–ಪ್ರತ್ಯಾಮ್ಲ ಗುಣ

ಲೋಹಗಳನ್ನು ಧಾತುರೂಪದಲ್ಲಿ ಆಮ್ಲವೆಂದಾಗಲಿ ಪ್ರತ್ಯಾಮ್ಲವೆಂದಾಗಲಿ ಸಾಮಾನ್ಯವಾಗಿ ವರ್ಗೀಕರಿಸುವುದಿಲ್ಲ. ಈ ಗುಣ ಅವುಗಳ ಸಂಯುಕ್ತಗಳಿಗೂ ಅಯಾನುಗಳಿಗೂ ಸೇರಿದ್ದು. ಸೋಡಿಯಂ ನೀರಿಗೆ ಬಿದ್ದಾಗ ಕೆಂಪು ಲಿಟ್ಮಸ್ಸನ್ನು ನೀಲಿಯಾಗಿಸುವುದು ಲೋಹವಲ್ಲ, ಆಗ ಹುಟ್ಟುವ ಹೈಡ್ರಾಕ್ಸೈಡ್. ಲೋಹಗಳ ಆಕ್ಸೈಡುಗಳು ಬಹುಮಟ್ಟಿಗೆ ಪ್ರತ್ಯಾಮ್ಲೀಯ. ಅಲ್ಯೂಮಿನಿಯಂ, ಸತುವಿನ ಆಕ್ಸೈಡುಗಳು ಆಮ್ಲ, ಪ್ರತ್ಯಾಮ್ಲ ಎರಡರೊಡನೆಯೂ ವರ್ತಿಸುವ ಉಭಯಧರ್ಮಿಗಳು. ಕ್ರೋಮಿಯಂ ಟ್ರೈಆಕ್ಸೈಡ್ ಆಮ್ಲೀಯ. ಜಿ.ಎನ್. ಲೂಯಿಸ್ 1923ರಲ್ಲಿ ಕೊಟ್ಟ ವ್ಯಾಖ್ಯೆಯಂತೆ ಇಲೆಕ್ಟ್ರಾನ್ ಜೋಡಿಯನ್ನು ಸ್ವೀಕರಿಸುವ ಲೋಹದ ಅಯಾನುಗಳು ಆಮ್ಲಗಳು.

ಭದ್ರಾವತಿಯ ನಿದರ್ಶನ: ಶಿವಮೊಗ್ಗ ಜಿಲ್ಲೆಯ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದ್ದೂ 1923ರಲ್ಲೇ. ಕೆಮ್ಮಣ್ಣುಗುಂಡಿಯ ಅದಿರು, ಇದ್ದಿಲು ಮತ್ತು ಸುಣ್ಣಕಲ್ಲನ್ನು ಊದುಕುಲುಮೆಗೆ ಸುರಿಯುತ್ತಿದ್ದರು. ಸುಣ್ಣಕಲ್ಲು ಕಾದು ಉಳಿಯುವ ಪ್ರತ್ಯಾಮ್ಲೀಯ ಕ್ಯಾಲ್ಸಿಯಂ ಆಕ್ಸೈಡ್, ಅದಿರಿನಲ್ಲಿನ ಆಮ್ಲೀಯ ಸಿಲಿಕಾದೊಡನೆ ಕೂಡಿ ಕಿಟ್ಟವಾಗಿ, ಕರಗಿದ ಕಬ್ಬಿಣದ ಮೇಲೆ ತೇಲುತ್ತಿತ್ತು. ಇದ್ದಿಲಿಗಾಗಿ ಕಟ್ಟಿಗೆಯನ್ನು ಗಾಳಿಯಾಡದಂತೆ ಕಾಯಿಸುವಾಗ ಇಳಿಯುತ್ತಿದ್ದ ಹುಳಿದ್ರವದಲ್ಲಿ ಅಸಿಟಿಕ್ ಆಮ್ಲವಿತ್ತು. ಅದಕ್ಕೆ ಸುಣ್ಣ ಬೆರೆಸಿ ಕ್ಯಾಲ್ಸಿಯಂ ಅಸಿಟೇಟ್ ಎಂಬ ಲವಣವನ್ನು ಪಡೆಯುತ್ತಿದ್ದರು. ಎರಡೂ ಕಡೆ ಆಮ್ಲವನ್ನು ತಣಿಸಿದ್ದು ಕ್ಯಾಲ್ಸಿಯಂ ಲೋಹವಲ್ಲ, ಅದರ ಸಂಯುಕ್ತ.